ತಂಪು ಪೆಟ್ಟಿಗೆ

ಗುರುವಾರ. ತಾರಿ ಇನ್ನೂ ಆಚೆ ದಡದಲ್ಲಿ.
ಹೆಗಲಿಗೆ ನೀಲಿ ಪೆಟ್ಟಿಗೆ, ಒಳಗೆ ನಾಲ್ಕು ಮಂಜಿನ ಇಟ್ಟಿಗೆ,
ನಡುವೆ ಹೆಬ್ಬೆರಳಿಗಿಂತ ಚಿಕ್ಕ ಸೀಸೆಗಳು.
ಒಂದೊಂದರ ಮೈಮೇಲೂ ಒಂದು ವೃತ್ತ,
ವೃತ್ತದೊಳಗೊಂದು ಬಿಳಿ ಚೌಕ.
ಬಿಸಿ ತಾಗಿದರೆ ಚೌಕ ಕಪ್ಪಾಗುತ್ತದೆ.
ಕಪ್ಪಾದರೆ ಚೆಲ್ಲಬೇಕು.
ಅಷ್ಟೇ ನನ್ನ ಶಾಸ್ತ್ರ.

ಮಂಜಗುಣಿಯಲ್ಲಿ ಮೋಹಿನಿ ಹರಿಕಂತ್ರಳ ಅಂಗಳ:
ಒಣಗಲು ಹರವಿದ ಶೆಟ್ಲಿ, ಕಾಗೆ ಕಾಯುವ ಅತ್ತೆ,
ಸೊಂಟದಲ್ಲಿ ಒಂಬತ್ತು ತಿಂಗಳ ದಿಶಾ
ನನ್ನ ಗುರುತಿನ ಚೀಟಿ ಎಳೆದು ಬಾಯಿಗಿಡುತ್ತಾಳೆ.
"ಕೂತ್ಕಳಿ ಬಾಯೋರೇ, ಆಸ್ರಿಗೆ ಎಂತಾದ್ರೂ ಬೇಕೆ?"
ಎಳನೀರು ಕೊಡುತ್ತಾಳೆ.
ಕೂಸಿನ ತೋಳು ಕೊಡುವುದಿಲ್ಲ.

ಹಿರಿಯ ಮಗನಿಗೆ ದಡಾರ ಎದ್ದ ವರ್ಷ
ಹನ್ನೊಂದು ದಿನ ಆ ಮನೆಯಲ್ಲಿ ಒಗ್ಗರಣೆ ಸಿಡಿಯಲಿಲ್ಲ,
ಮೀನು ಹುರಿಯಲಿಲ್ಲ, ಗಂಡ ಬಲೆ ಮುಟ್ಟಲಿಲ್ಲ.
ಹುಡುಗನ ಉಸಿರು ನೂಲಿನಷ್ಟು ಸಣ್ಣಗಾದ ರಾತ್ರಿ
ಹೊಸ್ತಿಲಿಗೆ ಹಣೆ ಹಚ್ಚಿ ಹೇಳಿದಳಂತೆ:
ಇವನನ್ನು ಬಿಟ್ಟು ಹೋಗು ತಾಯಿ,
ಇನ್ನು ಯಾವಾಗ ಬಂದರೂ ನಿನಗೆ ಬಾಗಿಲು ಹಾಕುವುದಿಲ್ಲ.
ಹುಡುಗ ಈಗ ಆರನೇ ಇಯತ್ತೆ.
ಎಡಗಿವಿ ಕೇಳುವುದಿಲ್ಲ.
"ಅದೊಂದು ಅವ್ಳು ಇಟ್ಕಂಡದ್ದು" ಅನ್ನುತ್ತಾಳೆ,
ದೂರಿಲ್ಲದ ದನಿಯಲ್ಲಿ.

ನನ್ನ ಪಟ್ಟಿಯಲ್ಲಿ ನಿರಾಕರಣೆಗೆ ಕಾರಣ ಆರು.
ಐದನೆಯದು ಧಾರ್ಮಿಕ.
ಎದುರಿಗೆ ಒಂದು ಗೀಟು ಎಳೆಯುವಷ್ಟು ಜಾಗ.
ಹನ್ನೊಂದು ದಿನ ಅಲ್ಲಿ ಹಿಡಿಸುವುದಿಲ್ಲ.

ಪ್ರಸಾದವನ್ನೂ ಕೇಳಿಸಿದ್ದಾಳೆ ಅವಳು.
ಕೇಳಿಸಿದ್ದು ನನ್ನ ಅಪ್ಪನ ಹತ್ತಿರವೇ:
ಬೊಮ್ಮಯ್ಯ ಗುನಗ, ಮೂವತ್ತೆಂಟು ವರ್ಷದಿಂದ
ಅಮ್ಮನ ಕಲ್ಲಿಗೆ ಒದ್ದೆ ಎಸಳು ಹಚ್ಚುವವ.
ಬಾಗಿಲು ಹಾಕಲೇ ಅಂತ ಪ್ರಶ್ನೆ.
ಎಡದ್ದು ಬಿತ್ತು.

ಗುನಗನ ಮಗಳು ನಾನು, ನನಗೆ ಗೊತ್ತು:
ನೀರು ಹದವಾಗಿದ್ದರೆ ಎಸಳು ತಡೆದು ನಿಲ್ಲುತ್ತದೆ,
ಹೆಬ್ಬೆರಳು ತುಸು ಒತ್ತಿದರೆ ಸಂಜೆಯ ತನಕ.
ರಾತ್ರಿ ಗಂಜಿಗೆ ಕೂತಾಗ ಕೇಳಿಯೇ ಬಿಟ್ಟೆ.
ಒಂದೇ ಒಂದು ಸಲ ಅಪ್ಪಾ, ಎಡದ್ದನ್ನು ಒತ್ತಿ ಹಚ್ಚು.
ಕೂಸಿನ ಜೀವದ ಮಾತು.
ಅವನು ಕಚ್ಚಿದ ಮಾವಿನ ಮಿಡಿಯನ್ನು ತಟ್ಟೆಯ ಅಂಚಿಗಿಟ್ಟ.
"ನಿನ್ನ ಸೀಸೆಯ ಚೌಕ ಕಪ್ಪಾದ ದಿನ
ಬಿಳಿ ಅಂತ ಬರೀತ್ಯೇನೆ?"

ಗಂಜಿ ಆರಿತು.
ಅವನೂ ಮತ್ತೆ ಉಣ್ಣಲಿಲ್ಲ.

ಇನ್ನೊಂದು ಗುರುವಾರ.
ಗಂಗಾವಳಿಯ ಆಚೆ ಮೂರು ಮಕ್ಕಳಿಗೆ ಎದ್ದಿದೆ,
ಒಬ್ಬಳನ್ನು ಕುಮಟೆಗೆ ಒಯ್ದಿದ್ದಾರೆ.
ತಾರಿಕಟ್ಟೆಯಲ್ಲಿ ಮೋಹಿನಿ,
ಬುಟ್ಟಿ ತುಂಬ ಬೆಳಚು, ಕಂಕುಳಲ್ಲಿ ದಿಶಾ.
ಕಣ್ಣು ಮಾತ್ರ ಪೆಟ್ಟಿಗೆಯ ಮೇಲೆ.
"ಇದ್ಕೆ ಮಂಜು ಎಂತಕ್ಕೆ?"
ಬಿಸಿ ತಡೆಯೂದಿಲ್ಲ ಅದಕ್ಕೆ.
"ಒಳಗಿರೂದು ಎಂತದು?"
ಕಲಿತದ್ದನ್ನು ಕಲಿಸಿದವರ ಮಾತಲ್ಲೇ ಹೇಳಹೊರಟು
ನಾಲಿಗೆ ಹಿಂದೆ ಸರಿಯಿತು.
ದಡಾರದ್ದೇ, ಅಂದೆ. ಜೀವ ಇದೆ. ಕಸುವು ತೆಗೆದಿದ್ದಾರೆ.

ಅವಳು ಬುಟ್ಟಿ ಇಳಿಸಿದಳು.
"ಅಂದ್ರೆ ಅವ್ಳೇ."

ಹೌದು ಅನ್ನಲಿಲ್ಲ ನಾನು.
ಅಲ್ಲ ಅನ್ನಲು ಬಾಯಿ ಬರಲಿಲ್ಲ.

ಬೆಳಚಿನ ನೀರು ತೊಟ್ಟಿಕ್ಕುವ ಕೈಯನ್ನು
ಮುಚ್ಚಳದ ಮೇಲಿಟ್ಟು ನಿಂತಳು,
ಜ್ವರದವರ ಹಣೆ ಮುಟ್ಟಿ ನೋಡುವ ಹಾಗೆ.
"ತಂಪಾಗಿಟ್ಟಿದ್ರಿ," ಅಂದಳು.
ಆಮೇಲೆ, ನನಗಲ್ಲ, ಹೊಳೆಗೆ ಅನ್ನುವ ಹಾಗೆ,
"ಗುನಗರ ಹತ್ರ ಬೇರೆ ಥರ ಕೇಳ್ಬೇಕಾಯ್ತು."

ಹೇಗೆ ಅಂತ ಕೇಳುವಷ್ಟರಲ್ಲಿ
ತಾರಿಯವ ಕೂಗಿದ.
ಅವಳ ಹೆಸರಿನ ಸಾಲು ಖಾಲಿ ಬಿಟ್ಟೇ ಹತ್ತಿದೆ.
ಮುಚ್ಚಳದ ಮೇಲೆ ಐದು ಬೆರಳಿನ ಒದ್ದೆ,
ನಡುಹೊಳೆಯ ತನಕ ಹಾಗೆಯೇ ಇತ್ತು.